ಕಾಗದದ ಮೇಲೊಂದು ಜಟ್ಟಿ ಕಾರು

ನನಗೆ ಕಾರಿಲ್ಲ. ಕಾಲೇಜಿಗೆ ಬರುವುದು ಬಸ್ಸಿನಲ್ಲಿ. ಬಸ್ಸು ಕೈಕೊಟ್ಟ ದಿನ ಸೈಕಲ್ಲಿನಲ್ಲಿ. ಆದರೂ ಕಳೆದ ಆರು ತಿಂಗಳಿಂದ 1969ರ ಷೆವ್ರೊಲೆ ಷೆವೆಲ್ ಎಂಬ ಅಮೆರಿಕದ ಕಾರೊಂದಕ್ಕೆ ಇಂಜಿನ್ ಬದಲಾಯಿಸುವ ಯೋಜನೆ ಹಾಕುತ್ತಿದ್ದೇನೆ. ಅರ್ಥಶಾಸ್ತ್ರದ ಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಗಳೆಲ್ಲ ಇದಕ್ಕೇ ಮೀಸಲು. ಮನೆ ಕಟ್ಟುವ ಶಕ್ತಿಯಿಲ್ಲದವರೂ ನಕ್ಷೆ ಬರೆದು ಸಂತೋಷಪಡುವುದಿಲ್ಲವೆ? ಖರ್ಚಿಲ್ಲದ ಸುಖ ಅದು. ಒಂದೇ ಕಟ್ಟಳೆ: ಲೆಕ್ಕದಲ್ಲಿ ಮೋಸ ಮಾಡಕೂಡದು.

ಅಮೆರಿಕದವರು ಇಂಥ ಗಾಡಿಯನ್ನು ‘ಮಸಲ್ ಕಾರ್’ ಎನ್ನುತ್ತಾರೆ. ನಾನು ಜಟ್ಟಿ ಕಾರೆಂದು ಕರೆದುಕೊಂಡಿದ್ದೇನೆ. ಮಧ್ಯಮ ಗಾತ್ರದ ಕಾರಿನ ಒಡಲಲ್ಲಿ ದೊಡ್ಡ ಕಾರಿನ ಭಾರಿ ವಿ-8 ಇಂಜಿನನ್ನು ತುರುಕಿದರೆ ಜಟ್ಟಿ ಸಿದ್ಧವಾಯಿತು. 1964ರ ಪಾಂಟಿಯಾಕ್ ಜಿ.ಟಿ.ಓ. ಹುಟ್ಟಿದ್ದೇ ಹೀಗೆ. ಮಧ್ಯಮ ಗಾತ್ರದ ಕಾರುಗಳ ಇಂಜಿನ್ 330 ಘನ ಅಂಗುಲ ಮೀರಬಾರದೆಂದು ಜನರಲ್ ಮೋಟಾರ್ಸ್ ಕಟ್ಟು ಮಾಡಿತ್ತು. ಅದರದೇ ಮನೆಯವರಾದ ಪಾಂಟಿಯಾಕಿನವರು 389 ಘನ ಅಂಗುಲದ ಇಂಜಿನನ್ನು, ಗಿರಾಕಿ ಬೇಕೆಂದರೆ ಕೊಡುವ ಹೆಚ್ಚುವರಿ ಸಲಕರಣೆಯೆಂಬ ನೆಪದಲ್ಲಿ ಒಳಗೆ ಸಾಗಿಸಿಬಿಟ್ಟರು. ಹಳೆಯ ಜಟ್ಟಿಗೆ ಹೊಸ ಇಂಜಿನ್ ಹಾಕುವುದು ಅಪಚಾರವೆಂದು ಮೂಗು ಮುರಿಯುವ ಮಡಿವಂತರು ಈ ಜನ್ಮವೃತ್ತಾಂತವನ್ನು ಒಮ್ಮೆ ನೆನೆಯಬೇಕು.

ನನ್ನ ಷೆವೆಲ್ ‘ಎಸ್.ಎಸ್. 396’ ಎಂಬ ಜಾತಿಯದು. ಇಂಜಿನ್ ಆರೂವರೆ ಲೀಟರಿನದು, ಎರಕದ ಕಬ್ಬಿಣದ್ದು. ತೂಕ ಸುಮಾರು 310 ಕಿಲೋ. ಕಾರ್ಖಾನೆಯವರು ಸಾರಿದ ಶಕ್ತಿ 325 ಅಶ್ವಶಕ್ತಿ. ಆದರೆ ಅಂದು ಇಂಜಿನನ್ನು ಬರಿಮೈಯಲ್ಲಿ ನಿಲ್ಲಿಸಿ ಅಳೆಯುತ್ತಿದ್ದರು. ಎಲ್ಲ ಭಾರವನ್ನೂ ಹೊರಿಸಿ ಅಳೆಯುವ ಪದ್ಧತಿ 1972ರ ಹೊತ್ತಿಗೆ ಬಂದಿತು. ಆದ್ದರಿಂದ ಹಳೆಯ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು ಹಿಗ್ಗುವಂತಿಲ್ಲ. ಇಡೀ ಕಾರು ಸುಮಾರು 1,700 ಕಿಲೋ, ಅದರಲ್ಲಿ ನೂರಕ್ಕೆ 57 ಪಾಲು ಮುಂದಿನ ಗಾಲಿಗಳ ಮೇಲೆ. ನೇರ ರಸ್ತೆಯಲ್ಲಿ ಸಿಂಹ. ತಿರುವು ಬಂದರೆ ಮೂತಿ ಹೊರಗಡೆಗೇ ಎಳೆಯುತ್ತದೆ.

ಇದಕ್ಕೆ ನಾನು ಆರಿಸಿರುವುದು 2008ರ ಕಾರ್ವೆಟ್ ಕಾರಿನೊಡನೆ ಬಂದ ಎಲ್.ಎಸ್.3 ಇಂಜಿನ್. 6.2 ಲೀಟರು, ಅಲ್ಯೂಮಿನಿಯಂ ಮೈ, 430 ಅಶ್ವಶಕ್ತಿ, ತೂಕ ಸುಮಾರು 200 ಕಿಲೋ. ಶಕ್ತಿ ಹೆಚ್ಚಿತು, ಮೂತಿಯ ಮೇಲಿಂದ ಒಂದು ಕ್ವಿಂಟಲಿಗೂ ಮಿಕ್ಕ ಭಾರ ಇಳಿಯಿತು. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆ ಮುಂದಿನ ಪಾಲು 57ರಿಂದ 53ರ ಆಸುಪಾಸಿಗೆ ಬರುತ್ತದೆ. ಈ ಲೆಕ್ಕವನ್ನು ನಾಲ್ಕು ಸಲ ಮಾಡಿ ನೋಡಿದ್ದೇನೆ.

ಲೆಕ್ಕ ನೋಡುವವರು ಇನ್ನೊಬ್ಬರಿದ್ದಾರೆ. ನನ್ನ ಸೋದರಮಾವ ಲಾರಿ ಮೆಕ್ಯಾನಿಕ್. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಾನು ಕಾಲೇಜು ಸೇರಿದ ಮೇಲೆ ನಮ್ಮಿಬ್ಬರ ನಡುವೆ ಮಾತು ಕಡಮೆಯಾಗುತ್ತ ಬಂದಿತ್ತು. ಓದುವವನ ಹತ್ತಿರ ತಮಗೇನು ಮಾತೆಂದು ಅವರು, ಏನು ಕೇಳಬೇಕೆಂದು ತಿಳಿಯದೆ ನಾನು. ಒಂದು ಭಾನುವಾರ ಈ ಪುಸ್ತಕ ಹಿಡಿದು ಷೆಡ್ಡಿಗೆ ಹೋದೆ. ಲಾರಿಯ ಅಡಿಯಿಂದಲೇ ಎಲ್ಲ ಕೇಳಿಸಿಕೊಂಡು, “ಚೇಂಬರ್ ತಗಲಲ್ವೇನೋ?” ಎಂದರು. ಇಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ ಷೆಡ್ಡಿನಲ್ಲಿ ಚೇಂಬರ್ ಎನ್ನುತ್ತಾರೆ. ಷೆವೆಲ್ಲಿಗೆ ಎಲ್.ಎಸ್. ಇಂಜಿನ್ ಇಳಿಸುವವರಿಗೆಲ್ಲ ಮೊದಲು ಅಡ್ಡ ಬರುವುದು ಅದೇ: ತೊಟ್ಟಿಯು ಮುಂದಿನ ಅಡ್ಡತೊಲೆಗೆ ತಾಗುತ್ತದೆ; ಬೇರೆ ಆಕಾರದ್ದನ್ನು ಹಾಕಬೇಕು. ಮಾವ ಷೆವೆಲ್ಲನ್ನು ಕಣ್ಣಿನಿಂದ ಕಂಡವರಲ್ಲ!

ಉಳಿದ ಕೆಲಸ ದೀರ್ಘವಾದರೂ ಕಠಿಣವಲ್ಲ. ಇಂಜಿನ್ ಕೂರಿಸಲು ನಡುವೆ ಜೋಡಣೆಯ ತಗಡುಗಳು ಬೇಕು. ಹಳೆಯ ಕಾರ್ಬುರೇಟರಿಗೆ ಚದರ ಅಂಗುಲಕ್ಕೆ ಐದಾರು ಪೌಂಡಿನ ಒತ್ತಡ ಸಾಕಿತ್ತು; ಹೊಸದಕ್ಕೆ 58 ಬೇಕಾದ್ದರಿಂದ ವಿದ್ಯುತ್ ಪಂಪು. ಆಮೇಲೆ ಕಂಪ್ಯೂಟರು ಮತ್ತು ಅದರ ತಂತಿಗಳ ಜಡೆ. ಇವೆಲ್ಲಕ್ಕೂ ಅಲ್ಲಿ ಸಿದ್ಧ ಸಾಮಾನು ಸಿಗುತ್ತದೆ.

ಜಗಳ ಬಂದದ್ದು ಗೇರುಪೆಟ್ಟಿಗೆಯಲ್ಲಿ. ನನಗೆ ಆರು ಗೇರಿನ ಪೆಟ್ಟಿಗೆಯ ಆಸೆ. ಅದು ಹಳೆಯ ನಾಲ್ಕು ಗೇರಿನದಕ್ಕಿಂತ ಸುಮಾರು 20 ಕಿಲೋ ಹೆಚ್ಚು. ಅಲ್ಲದೆ ಅದಕ್ಕೆ ಎಡೆಮಾಡಲು ಕಾರಿನ ನೆಲವನ್ನು ಕೊಯ್ಯಬೇಕು. ಮಾವ ಒಪ್ಪಲಿಲ್ಲ. “ಇಂಜಿನ್ ಬಿಚ್ಚು, ಬೇಡ ಅನ್ನಲ್ಲ. ಹಳೇದನ್ನ ಮತ್ತೆ ಕೂರಿಸೋ ಹಂಗಿರಬೇಕು.”

ಈ ಮಾತಿನ ತೂಕ ನನಗೆ ತಿಳಿಯದ್ದಲ್ಲ. 1969ರಲ್ಲಿ ಎಸ್.ಎಸ್. ಎಂಬುದು ಪ್ರತ್ಯೇಕ ಮಾದರಿಯಾಗಿರಲಿಲ್ಲ. ಹೆಚ್ಚುವರಿ ಹಣಕ್ಕೆ ಕೊಡುತ್ತಿದ್ದ ಒಂದು ಕಟ್ಟು. ಚಾಸಿ ಸಂಖ್ಯೆಯನ್ನು ಓದಿದರೆ ಜಟ್ಟಿಯೋ ಸಾಧಾರಣವೋ ತಿಳಿಯದು. ಕಾರ್ಖಾನೆಯ ಕಾಗದ ಕಳೆದುಹೋಗಿದ್ದರೆ, ಇಂಜಿನ್ನಿನ ಮೈಮೇಲೆ ಒತ್ತಿದ ಅಕ್ಷರಗಳೇ ಮುಖ್ಯ ಸಾಕ್ಷಿ. ಅದನ್ನು ಗುಜರಿಗೆ ಹಾಕುವುದೆಂದರೆ ಗಾಡಿಯ ಜನ್ಮಪತ್ರಿಕೆಯನ್ನು ಹರಿದಂತೆ. ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟರೆ ಇಂಜಿನ್ ಉಳಿಯುತ್ತದೆ. ಕೊಯ್ದ ನೆಲ ಮತ್ತೆ ಮೊದಲಿನಂತಾಗದು. ಮೂರು ಭಾನುವಾರ ವಾದಿಸಿ ಆರು ಗೇರನ್ನು ಹೊಡೆದುಹಾಕಿದೆ. ಹಳೆಯ ಪೆಟ್ಟಿಗೆಯನ್ನೇ ಹೊಸ ಇಂಜಿನ್ನಿಗೆ ಜೋಡಿಸಬಹುದು. ಹೆದ್ದಾರಿಯಲ್ಲಿ ಅದು ಅರಚುತ್ತದೆ. ಆ ದುಃಖ ನನಗಿನ್ನೂ ಇದೆ.

ಭಾರ ಇಳಿಸುವುದರಲ್ಲಿ ಕೆಲವರು ಉಪವಾಸವ್ರತ ಹಿಡಿಯುತ್ತಾರೆ. ಹಿಂದಿನ ಆಸನ, ಸದ್ದು ತಡೆಯುವ ಹಾಸು, ಬಂಪರು, ಎಲ್ಲವನ್ನೂ ಕಿತ್ತೆಸೆಯುತ್ತಾರೆ. ಪಂದ್ಯಕ್ಕಾದರೆ ಸರಿ. ನನ್ನ ಕಾರಿನಲ್ಲಿ ಅಮ್ಮ ಕೂರಬೇಕು. ಬಾನೆಟ್ಟನ್ನು ಫೈಬರಿನದು ಮಾಡುವೆ, ಗಾಲಿಗಳನ್ನು ಹಗುರ ಮಾಡುವೆ; ಗಾಲಿಯಲ್ಲಿ ಉಳಿಸಿದ ಒಂದು ಕಿಲೋ ಆಸನದಲ್ಲಿ ಉಳಿಸಿದ ಒಂದು ಕಿಲೋಗಿಂತ ಬೆಲೆಯುಳ್ಳದ್ದು, ಏಕೆಂದರೆ ಅದನ್ನು ತಿರುಗಿಸಲೂ ಬೇಕು, ಹಳ್ಳದಿಂದ ಎತ್ತಲೂ ಬೇಕು.

ಕಾರನ್ನು ಕಾಗದದ ಮೇಲೆ ಅಮೆರಿಕದಲ್ಲಿಯೇ ಇಟ್ಟಿದ್ದೇನೆ. ಕ್ಯಾಲಿಫೋರ್ನಿಯದಲ್ಲಿ ಕೂಡ 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆಯ ವಿನಾಯಿತಿಯುಂಟು. ನಮ್ಮಲ್ಲಾದರೋ, ತಯಾರಕರು ಕೊಟ್ಟ ಮೂಲ ರೂಪ ಕೆಡುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಹೋದ ಭಾನುವಾರ ಮಾವ ತಾವಾಗಿಯೇ ಕೇಳಿದರು: “ಅವರ ಸ್ಟೀರಿಂಗು ಎಡಗಡೆ ಅಲ್ವೇನೋ? ಆ ಕಡೆ ಸೈಲೆನ್ಸರ್ ಪೈಪನ್ನ ಎಲ್ಲಿಂದ ಇಳಿಸ್ತೀಯ?” ನಾನು ಉತ್ತರ ಹುಡುಕುವಷ್ಟರಲ್ಲಿ ಸೀಮೆಸುಣ್ಣ ತೆಗೆದುಕೊಂಡು ಷೆಡ್ಡಿನ ನೆಲದ ಮೇಲೆ ಚಾಸಿ ಬರೆಯತೊಡಗಿದರು.