ಎರಡು ಹೊಳೆಗಳ ನಡುವೆ ಮೀನಿನ ಲೆಕ್ಕ

ರಾಯಚೂರು ಎಂದರೆ ಬಿಸಿಲು ಎಂದಷ್ಟೇ ತಿಳಿದವರು ಒಮ್ಮೆ ಬೆಳಗಿನ ಮೀನು ಮಾರುಕಟ್ಟೆಗೆ ಬರಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಎಡೆದೊರೆ ನಾಡಿಗಾಗಿಯೇ 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸುಲ್ತಾನನೊಡನೆ ಕಾದಾಡಿದ್ದು. ನಾನು ಬಂದದ್ದು ಕೋಟೆ ನೋಡುವುದಕ್ಕಲ್ಲ. ಹೊಳೆಯಲ್ಲಿ ಹಿಡಿದ ಮೀನಿನ ಲೆಕ್ಕ ಯಾರ ಬಳಿ ಇರುತ್ತದೆ, ಅದು ಮೊಬೈಲಿಗೆ ಬಂದರೆ ಹಿಡಿದವನಿಗೆ ಲಾಭವೋ ಹೊರೆಯೋ ಎಂದು ತಿಳಿಯುವುದಕ್ಕೆ.

ಐಸು ತುಂಬಿದ ಥರ್ಮೋಕೋಲ್ ಡಬ್ಬಿಗಳ ಹಿಂದೆ ಕೂತಿದ್ದ ಅಕ್ಕ ಒಂದೇ ನೋಟಕ್ಕೆ ಮೀನು ಬೇರ್ಪಡಿಸುತ್ತಿದ್ದರು. "ಇದು ಆಂಧ್ರದ್ದು, ಇದು ಕೆರೀದು, ಅದು ಹೊಳೀದು ನೋಡ್ರಿ." ಮೂರೂ ರೋಹು. ನನ್ನ ಕಣ್ಣಿಗೆ ಮೂರೂ ಒಂದೇ. ಕಿವಿರು ಎತ್ತಿ, ಹುರುಪೆಯ ಬಣ್ಣ ತೋರಿಸಿ, ಬೆರಳಿನಿಂದ ಹೊಟ್ಟೆ ಒತ್ತಿ ಅವರು ವಿವರಿಸಿದಾಗ ದಂಗಾದೆ. ಇಷ್ಟೊಂದು ತಿಳಿವಳಿಕೆ ಯಾವ ಕಡತದಲ್ಲೂ ಇಲ್ಲ.

ಮಾರುಕಟ್ಟೆಯಿಂದ ಕೃಷ್ಣೆಯ ದಂಡೆಯ ಕೊಪ್ಪರಕ್ಕೆ ಹೋದೆ. ಅಲ್ಲಿ ನರಸಿಂಹ ಅಶ್ವತ್ಥ ಮರದಲ್ಲಿ ನೆಲೆಸಿದ್ದಾನೆಂದು ಜನ ಕೈಮುಗಿಯುತ್ತಾರೆ. ಹೊಳೆ ಎಷ್ಟು ಅಗಲವಿತ್ತೆಂದರೆ ಆಚೆ ದಡದ ದನಗಳು ಚುಕ್ಕೆಗಳಂತೆ ಕಂಡವು. ಬಿದಿರು ಹೆಣೆದು ಪ್ಲಾಸ್ಟಿಕ್ ಹಾಳೆ ಹೊದಿಸಿದ ಹರಗೋಲೊಂದು ದಂಡೆಗೆ ಬಂತು. ಕಟ್ಲಾ, ರೋಹು, ಒಂದು ಬಾಳೆಮೀನು, ಜತೆಗೆ ಒಂದಿಷ್ಟು ಸಣ್ಣ ಮೀನು. ದಲ್ಲಾಳಿಯ ಹುಡುಗ ಕೊಕ್ಕೆ ತಕ್ಕಡಿಗೆ ಚೀಲ ನೇತುಹಾಕಿ ತೂಕ ಕೂಗಿದ, ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಬರೆದುಕೊಂಡ. ಮುಂಗಡ ಕೊಟ್ಟವನು ದಲ್ಲಾಳಿ, ತಕ್ಕಡಿ ಅವನದು, ಪುಸ್ತಕವೂ ಅವನದೇ. ಇಡೀ ರಾತ್ರಿ ನೀರಿನಲ್ಲಿದ್ದವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

"ಇದನ್ನೆಲ್ಲ ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಹೇಗೆ ಅಣ್ಣಾ?" ಎಂದೆ. ಹರಗೋಲಿನ ಮೀನುಗಾರ ತಮ್ಮ ಫೋನನ್ನೇ ಕೊಟ್ಟರು. ಒದ್ದೆ ಹೆಬ್ಬೆರಳಿಗೆ ಪರದೆ ಅಲುಗಲಿಲ್ಲ. ಹುರುಪೆಯೊಂದು ಗಾಜಿಗೆ ಅಂಟಿಕೊಂಡಿತ್ತು. "ದಂಡಿಗೆ ಬಂದ ಮ್ಯಾಲೆ ಬರೀಬಹುದ್ರಿ. ಆದ್ರ ಯಾವ ಮಡುವಿನಾಗ ಮೀನ ಸಿಕ್ತಂತ ಫೋನಿಗೆ ಹೇಳಿದ್ರ, ನಾಳಿಗಿ ಊರಿಗೆಲ್ಲ ಗೊತ್ತಾಗ್ತದ." ಆ ಮಡುವಿನ ಗುಟ್ಟು ಅವರಿಗೆ ತಂದೆಯಿಂದ ಬಂದ ಆಸ್ತಿ. ದಾಖಲೆಯ ನಿಜವಾದ ಬೆಲೆ ಫೋನಿಗಿಂತ ದೊಡ್ಡದು ಎಂದು ನನಗೆ ಆಗ ಹೊಳೆಯಿತು.

ಲಾಭವೂ ದೊಡ್ಡದೇ. ನಾರಾಯಣಪುರ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಕೃಷ್ಣೆಯ ಮೇಲಿನ ಹೂವಿನಹೆಡಗಿ ಸೇತುವೆಯೇ ಮುಳುಗುತ್ತದೆ. ಅಂಥ ದಿನಗಳಲ್ಲಿ ಬಲೆ ಬೀಸುವ ಮಾತೇ ಇಲ್ಲ. ಹಿಂದಿನ ವರ್ಷ ಇದೇ ವಾರದಲ್ಲಿ ಎಷ್ಟು ಹಿಡಿದಿದ್ದೆ ಎಂದು ತೋರಿಸಲು ಆಧಾರವಿಲ್ಲದಿದ್ದರೆ, ಕಳೆದುಕೊಂಡ ದುಡಿಮೆಯನ್ನು ಯಾರ ಮುಂದೆ ಇಡುವುದು? ಹೊಳೆಯ ಆರೋಗ್ಯ ತಿಳಿಯುವುದೂ ಈ ಲೆಕ್ಕದಿಂದಲೇ. ಬಲೆ ಎಷ್ಟು ಹೊತ್ತು ನೀರಿನಲ್ಲಿತ್ತು, ಎಷ್ಟು ಕಿಲೋ ಬಿತ್ತು? ಹೊತ್ತು ಅಷ್ಟೇ ಇದ್ದು ಕಿಲೋ ವರ್ಷದಿಂದ ವರ್ಷಕ್ಕೆ ಇಳಿದರೆ, ಮೀನು ಕಡಿಮೆಯಾಗುತ್ತಿರಬಹುದೆಂಬ ಮೊದಲ ಸುಳಿವು ಅದು. ಅದಕ್ಕೇ ಬರಿಗೈಲಿ ಬಂದ ದಿನವನ್ನೂ ಬರೆದಿಡಬೇಕು.

ಮಾನ್ವಿ ಕಡೆಗೆ ಹೊರಳಿದರೆ ಬೇರೆಯೇ ಲೋಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ಭತ್ತ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ನಡುವೆ ಮೀನಿನ ಹೊಂಡಗಳು. ಹೊಂಡದ ಯಜಮಾನರೊಬ್ಬರು ಫೋನು ತೆರೆದು ತೋರಿಸಿದರು. ಮರಿ ಬಿಟ್ಟ ತಾರೀಖು, ಹಾಕಿದ ಮೇವಿನ ಚೀಲ, ಸತ್ತ ಮೀನು, ಲಾರಿಗೆ ತುಂಬಿದ ತೂಕ, ಬಂದ ಹಣ. ಯಾರೂ ಕಾಯಿದೆ ಮಾಡಿ ಬರೆಸಿದ್ದಲ್ಲ. ಬ್ಯಾಂಕು ಕೇಳುತ್ತದೆ, ಖರೀದಿದಾರ ಕೇಳುತ್ತಾನೆ, ಬರೆದದ್ದು ದುಡ್ಡಾಗುತ್ತದೆ. ಒಂದೇ ಜಿಲ್ಲೆಯ ಹೊಂಡದ ಮೀನಿಗೆ ಇಷ್ಟು ಲೆಕ್ಕ, ಹೊಳೆಯ ಮೀನಿಗೆ ಲೆಕ್ಕವೇ ಇಲ್ಲ!

ಜಗತ್ತು ಬರೆದಿಡುವ ಕಡೆಗೇ ಸಾಗಿದೆ. ಯುರೋಪಿನ ಒಕ್ಕೂಟದಲ್ಲಿ 12 ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಗಳು ಹಿಡಿದ ಮೀನಿನ ವಿವರವನ್ನು ವಿದ್ಯುನ್ಮಾನವಾಗಿಯೇ ಕಳಿಸಬೇಕು. 2023ರ ತಿದ್ದುಪಡಿ ಸಣ್ಣ ದೋಣಿಗಳನ್ನೂ ಇದರೊಳಗೆ ತರುತ್ತಿದೆ. ಅಲ್ಲಿಗೆ ಹೋಗುವ ನಮ್ಮ ಕಡಲ ಮೀನಿಗೂ 2010ರಿಂದ ಹಿಡಿದದ್ದರ ಪ್ರಮಾಣಪತ್ರ ಬೇಕು. ನಮ್ಮ ಕರಾವಳಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆಯ್ದ ದಿನ, ಆಯ್ದ ದೋಣಿಗಳ ಮೀನು ನೋಡಿ ಒಟ್ಟು ಅಂದಾಜು ಕಟ್ಟುತ್ತದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮೀನುಗಾರಿಕಾ ಡಿಜಿಟಲ್ ವೇದಿಕೆ ಆರಂಭಿಸಿತು. ಅದರಲ್ಲಿ ಒಳನಾಡಿನ ಮೀನುಗಾರರೂ ಹೆಸರು ನೋಂದಾಯಿಸಬಹುದು. ಆದರೆ ಹೆಸರು ದಾಖಲಾಗುವುದು ಒಂದು, ದಿನದ ದುಡಿಮೆ ದಾಖಲಾಗುವುದು ಮತ್ತೊಂದು.

ದಾರಿ ನಮ್ಮ ಹಳ್ಳಿಗಳಲ್ಲೇ ಇದೆ. ಹಾಲಿನ ಡೇರಿಯಲ್ಲಿ ದಿನವೂ ತೂಕ, ಫ್ಯಾಟು ಬರೆದು ಚೀಟಿ ಕೊಡುತ್ತಾರೆ. ಚೀಟಿಯಂತೆ ಹಣ ಬರುತ್ತದೆಂದೇ ರೈತ ಅದನ್ನು ನಂಬುತ್ತಾನೆ. ಮೀನುಗಾರರ ಸಹಕಾರ ಸಂಘವೂ ದಂಡೆಯಲ್ಲೊಂದು ತಕ್ಕಡಿ ಇಟ್ಟು, ಒಬ್ಬ ಓದಿದ ಹುಡುಗ ಅಥವಾ ಹುಡುಗಿಯ ಕೈಗೆ ಫೋನು ಕೊಡಲಿ. ಆ್ಯಪು ಕನ್ನಡದಲ್ಲಿರಲಿ, ಸಿಗ್ನಲ್ ಇಲ್ಲದಾಗಲೂ ನಡೆಯಲಿ. ಮಡುವಿನ ಹೆಸರು ಕೇಳದಿರಲಿ. ಮೀನಿನ ಜಾತಿ, ತೂಕ, ಬಲೆ ಹಾಕಿದ ಹೊತ್ತು ಸಾಕು. 2018–19ರಿಂದ ಮೀನುಗಾರರಿಗೂ ತೆರೆದಿರುವ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಆ ಚೀಟಿಯನ್ನು ಬ್ಯಾಂಕು ಒಪ್ಪಲಿ. ಹಿಡಿದವನ ಕೈಗೆ ಮೊದಲು ಚೀಟಿ ಸಿಗಬೇಕು, ಇಲಾಖೆಗೆ ಅಂಕಿ ಆಮೇಲೆ ಹೋಗಲಿ. ಈ ಕ್ರಮ ತಿರುಗಿದರೆ ಡಿಜಿಟಲ್ ಲೆಕ್ಕ ಬಡವನಿಗೆ ಮತ್ತೊಂದು ಹೊರೆ. ಕ್ರಮ ಉಳಿದರೆ ಅದಕ್ಕೆ ತಗಲುವ ಖರ್ಚು ಸಾರ್ಥಕ.