ಗೋಕಾಕದ ಜಲಪಾತಕ್ಕೆ ಸೈಕಲ್ ಪ್ರವಾಸ: ಸಿದ್ಧತೆಯ ಮಾತು

ಮಳೆಗಾಲದಲ್ಲಿ ಹುಕ್ಕೇರಿಯಿಂದ ಸೈಕಲ್ಲಿನ ಮೇಲೆ ಗೋಕಾಕದ ಜಲಪಾತವನ್ನು ನೋಡಬೇಕೆಂಬದು ನಮ್ಮ ಬಹುದಿನದ ಬಯಕೆ. ನಮ್ಮ ಮಗಳ ಮಗನು ನಾಲ್ಕು ದಿನದ ರಜೆಗೆ ಬಂದಿದ್ದನು. ಹದಿಮೂರು ವರ್ಷದ ಬಾಲಕ. ಅವನಿಗೊಂದು ಸೈಕಲ್ಲು ಕೊಡಿಸಿ, ಜಲಪಾತವನ್ನು ತೋರಿಸಿ, ಗೋಕಾಕದ ಮೇಲಿಂದ ಮೂಡಲಗಿಯ ಮನೆಗೆ ಮುಟ್ಟಿಸುವದೆಂದು ನಿಶ್ಚಯವಾಯಿತು.

“ಅಲ್ರೀ, ಅರವತ್ತಾದ ಮ್ಯಾಲೆ ಈ ಉಸಾಬರಿ ಯಾಕ? ಹಿಂದ ಬಿದ್ದದ್ದು ಮರತ್ರೇನು?” ಎಂದರು ನಮ್ಮ ಮನೆಯವರು.

ಮರೆಯುವದೆಂತು? ಮೂವತ್ತು ವರ್ಷಗಳ ಹಿಂದೆ ಜಲಪಾತದಿಂದ ಗೋಕಾಕಕ್ಕೆ ಇಳಿಯುವಾಗ ಮಳೆ ಸುರಿಯಿತು. ಬ್ರೇಕು ಹಿಡಿಯಲಿಲ್ಲ. ದಾರಿಯ ಬದಿಯ ತಗ್ಗಿನಲ್ಲಿ ಬಿದ್ದು ಎಡಗೈ ಮುರಿದುಕೊಂಡೆವು. ಬ್ರೇಕಿನ ರಬ್ಬರು ಸವೆದದ್ದು ನಮಗೆ ಗೊತ್ತಿತ್ತು. ಆದರೆ ಹೊರಡುವ ಸಂಭ್ರಮದಲ್ಲಿ ಬುತ್ತಿಯ ಗಂಟನ್ನು ಮೂರು ಸಲ ನೋಡಿದವರು ಬ್ರೇಕನ್ನು ಒಂದು ಸಲವೂ ನೋಡಲಿಲ್ಲ.

ಆದುದರಿಂದ ಈ ಸಲ ಮೊದಲು ಬ್ರೇಕು. ಎರಡು ಸೈಕಲ್ಲುಗಳಿಗೂ ಹೊಸ ರಬ್ಬರು ಹಾಕಿಸಿ, ತಂತಿಗಳನ್ನು ಬಿಗಿಸಿದೆವು. ಗಾಲಿಯ ಅಂಚು ತೊಯ್ದಾಗ ರಬ್ಬರಿಗೂ ಲೋಹಕ್ಕೂ ನಡುವೆ ನೀರಿನ ಪದರು ನಿಲ್ಲುವದು. ಅದು ಒರಸಿಹೋಗುವವರೆಗೆ ಹಿಡಿತ ಬರುವದಿಲ್ಲ. ಇಳುಕಲಿನಲ್ಲಿ ವೇಗವೇರುವ ಮೊದಲೇ ಎರಡೂ ಬ್ರೇಕುಗಳನ್ನು ಹಗುರಾಗಿ ಒತ್ತುತ್ತಿರಬೇಕು. ಗಾಲಿಗಳ ಮೇಲೆ ಕೊಡ ನೀರು ಸುರಿದು ಓಣಿಯಲ್ಲಿಯೇ ಪರೀಕ್ಷಿಸಿದೆವು. ಹುಡುಗನ ಬೆರಳು ಹಿಡಿಕೆಗೆ ನಿಲುಕುತ್ತಿರಲಿಲ್ಲ! ಅಂಗಡಿಯವನು ಅದನ್ನು ಹತ್ತಿರಕ್ಕೆ ತಿರುಗಿಸಿಕೊಟ್ಟನು. ಮನೆಯಲ್ಲಿ ನೋಡದಿದ್ದರೆ ಇದು ಇಳುಕಲಿನಲ್ಲಿಯೇ ತಿಳಿಯುತ್ತಿತ್ತು.

ಬಳಿಕ ಗಾಳಿಯ ಪಂಪು, ಪಂಕ್ಚರಿನ ಸಾಮಾನು, ಹಿಂಬದಿಗೆ ಕೆಂಪು ದೀಪ, ಮಳೆಯಂಗಿ, ಶಿರಸ್ತ್ರಾಣ, ಕುಡಿಯುವ ನೀರು, ರೊಟ್ಟಿ ಚಟ್ನಿ ಸಿದ್ಧವಾದವು. ಕರದಂಟನ್ನು ಮಾತ್ರ ಗೋಕಾಕದಲ್ಲಿಯೇ ಕೊಳ್ಳುವದು.

ದಾರಿಯು ಘಟಪ್ರಭೆಯ ಮೇಲಿಂದ. ಸಮೀಪದ ಧೂಪದಾಳದಲ್ಲಿ 1897ರಲ್ಲಿ ಮುಗಿದ ಒಡ್ಡಿದೆ. ಮುಂದೆ ಕೊಣ್ಣೂರು, ಅನಂತರ ಜಲಪಾತ. ಅಲ್ಲಿ ನದಿಯು ಸುಮಾರು 52 ಮೀಟರು, ಎಂದರೆ 170 ಅಡಿ, ಧುಮುಕುವದು. ಬೇಸಗೆಯಲ್ಲಿ ಬರಿಯ ಬಂಡೆಯಾಗಿ ತೋರುವ ಸ್ಥಳವು ಮಳೆಗಾಲದಲ್ಲಿ ಕೆಂಪು ನೀರಿನ ಗರ್ಜನೆಯಿಂದ ತುಂಬುವದು. ತೂಗುಸೇತುವೆ, ಹಳೆಯ ನೂಲಿನ ಗಿರಣಿ, ಮಹಾಲಿಂಗೇಶ್ವರನ ಪುರಾತನ ದೇವಾಲಯ ಇವೆಲ್ಲವೂ ಪ್ರೇಕ್ಷಣೀಯ. ಆದರೆ ತೊಯ್ದ ಬಂಡೆಯ ಅಂಚಿಗೆ ಹೋಗುವದಿಲ್ಲವೆಂದೂ, ಪ್ರವಾಹವಿದ್ದು ಕಾವಲುಗಾರರು ತಡೆದರೆ ದೂರದಿಂದಲೇ ನೋಡಿ ತಿರುಗುವೆವೆಂದೂ ಮನೆಯವರಿಗೆ ಮಾತು ಕೊಟ್ಟಿರುವೆವು.

ಸಂಸ್ಕೃತದಲ್ಲಿ ‘ಯೋಗಕ್ಷೇಮ’ವೆಂಬ ಪದವಿದೆ. ಇಲ್ಲದ್ದನ್ನು ಪಡೆಯುವದು ಯೋಗ. ಪಡೆದದ್ದನ್ನು ಕಾಯುವದು ಕ್ಷೇಮ. ಎಷ್ಟೋ ವರ್ಷ ಈ ಅರ್ಥವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಪ್ರವಾಸಿಯು ಯೋಗದ ಚಿಂತೆಯಲ್ಲಿ ಕ್ಷೇಮವನ್ನು ಮರೆಯುವನೆಂಬದನ್ನು ನಮಗೆ ಕಲಿಸಿದ್ದು ಮುರಿದ ಕೈ.

ನಿನ್ನೆ ರಾತ್ರಿ ಹುಡುಗನು ಕೇಳಿದನು: “ಅಜ್ಜಾ, ಮಳಿ ಜೋರಾದರ?”

“ಇಳಿದು ನೂಕಿಕೊಂಡು ನಡೆಯೋಣಪ್ಪಾ.”

“ಮಂದಿ ನಗೂದಿಲ್ಲೇನ್ರಿ?”

“ನಗಲಿ. ನಿಮ್ಮವ್ವ ಬಾಗಿಲಲ್ಲಿ ದಾರಿ ಕಾಯ್ತಿರತಾಳ.”

ನಾಳೆ ನಸುಕಿನಲ್ಲಿ ಹೊರಡುವೆವು.