ಎಷ್ಟು ಸಲ ಉರುಳಿಸ್ಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಷ್ಟದ್ದಕ್ಕೆ 20. ಇಪ್ಪತ್ತು ಮುಖದ ಡೈಸ್ ಉರುಳಿಸಿ, ಪಾತ್ರದ ಕೌಶಲದ ಅಂಕ ಕೂಡಿಸಿ, ಆ ನಂಬರ್ ಮುಟ್ಟಬೇಕು. ಆದ್ರೆ ಎಷ್ಟು ಸಲ ಉರುಳಿಸ್ಬೇಕು ಅನ್ನೋದೂ ಕಷ್ಟದ ಲೆಕ್ಕಾನೇ.

ಹಾಸ್ಟೆಲ್‌ನಲ್ಲಿ ನಾನು ನಡೆಸೋ ಕಥೆ ನಮ್ಮೂರು ಸವಣೂರಿಂದು, ನವಾಬರ ಕಾಲದ್ದು. ಹೊಸದಾಗಿ ಬಂದ ಜೂನಿಯರ್‌ನ ಪಾತ್ರ ಅಲ್ಲಿನ ದೊಡ್ಡ ಹುಣಸೆ ಮರ ಹತ್ತಬೇಕಿತ್ತು. ಹೆಸರಷ್ಟೇ ಹುಣಸೆ, ಅದು ಆಫ್ರಿಕಾ ಮೂಲದ ಬಾವೊಬಾಬ್. ಕಾಂಡ ತಬ್ಬೋಕೂ ಆಗಲ್ಲ. ಕೈಯಲ್ಲಿ ಹಗ್ಗ ಇತ್ತು ಅಂತ 15 ಇಟ್ಟೆ. ಅವನ ಕೌಶಲ +5, ಅಂದ್ರೆ ಗೆಲ್ಲೋ ಚಾನ್ಸ್ 55%.

"ಬುಡಕ್ಕೊಂದು, ನಡುವಿಗೊಂದು, ಕೊಂಬೆಗೊಂದು, ಮೂರು ಸಲ ಉರುಳಿಸ್ಲಿ ಬಿಡ್ಲೇ" ಅಂದ ಗೆಳೆಯ. ಮೂರರಲ್ಲೂ ಗೆಲ್ಲಬೇಕಾದ್ರೆ 0.55 ಅನ್ನು ಮೂರು ಸಲ ಗುಣಿಸಿ: ಸುಮಾರು 17%. ನೇರವಾಗಿ 20 ಇಟ್ಟಿದ್ರೂ 30% ಸಿಗ್ತಿತ್ತು!

ಒಂದೇ ಸಲ ಅಂದೆ. 9 ಬಿತ್ತು. ಪಾತ್ರ ಮರದಿಂದ ಬಿದ್ದು ಸತ್ತೇಹೋಯ್ತು. "ಇನ್ನೊಂದು ಪಾತ್ರ ಮಾಡ್ಕೊಳ್ಲಾ ಅಣ್ಣಾ?" ಅಂದ.

ಸೋತವನು ಮತ್ತೆ ಆಡೋಕೆ ಬರ್ತಾನೆ, ಆಟ ನ್ಯಾಯವಾಗಿದ್ರೆ. ನೀವು ನಡೆಸೋವಾಗ ನಂಬರ್ ಜೊತೆ ಎಷ್ಟು ಸಲ ಅನ್ನೋದನ್ನೂ ಡೈಸ್ ಉರುಳೋ ಮೊದಲೇ ಹೇಳಿಬಿಡಿ.